ಆಂಟೆನಾ ತಿರುಗಿಸುವ ದೃಶ್ಯ

ಹ್ಯಾಮಿಲ್ಟನ್ನಿನಲ್ಲಿ ಧನಂಜಯ ಮತ್ತು ನಾನು ಬಾಡಿಗೆಗೆ ಇದ್ದದ್ದು ಸೆನಾದಾ ಆಂಟಿಯ ಮನೆಯಲ್ಲಿ. ಆಂಟಿ ಬೋಸ್ನಿಯಾದವರು. ಅಲ್ಲಿ ಯುದ್ಧ ನಡೆದಾಗ ಕೂಸನ್ನು ಎತ್ತಿಕೊಂಡು ದೇಶ ಬಿಟ್ಟು, ಕೆಲವು ವರ್ಷ ಅಲ್ಲಿ ಇಲ್ಲಿ ಇದ್ದು, ಕೊನೆಗೆ ನ್ಯೂಜಿಲೆಂಡ್ ಸೇರಿದವರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಆ ಮನೆ ಕೊಂಡಿದ್ದರು. ಮನೆ ನೋಡಲು ಹೋದ ದಿನ ನಾವಿಬ್ಬರೂ ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಬಿಚ್ಚಿಟ್ಟೆವು. ಅವರು ಮತ್ತೇನೂ ವಿಚಾರಿಸದೆ ಬೀಗದ ಕೈ ಕೊಟ್ಟರು.

ಭಾನುವಾರ ಮಧ್ಯಾಹ್ನ ಅವರು ತಮ್ಮ ದೇಶದ ಸಿನಿಮಾ ಹಾಕುತ್ತಿದ್ದರು. ನಾವೂ ಕೆಳಗೆ ಬರುವ ಇಂಗ್ಲಿಷ್ ಸಾಲು ಓದಿಕೊಂಡು ನೋಡುತ್ತಿದ್ದೆವು. ಗುಂಡಿನ ಸದ್ದು ಬಂದರೆ ಆಂಟಿ ರಿಮೋಟ್ ಒತ್ತಿ ಮುಂದಕ್ಕೆ ಓಡಿಸುತ್ತಿದ್ದರು. ಅಡುಗೆಮನೆ ಬಂದರೆ ನಿಲ್ಲಿಸಿ, ಹಿಂದಕ್ಕೆ ತಂದು, ಇನ್ನೊಮ್ಮೆ ನೋಡುತ್ತಿದ್ದರು.

"ನೋಡಿಲ್ಲಿ, ಕಾಫಿಗೆ ಸಕ್ಕರೆ ಹಾಕಿ ಕದಡ್ತಾ ಇದಾಳೆ! ಸಕ್ಕರೆ ತುಂಡನ್ನ ಕಾಫಿಗೆ ಅದ್ದಿ ಕಚ್ಚಬೇಕು. ಇವಳು ಯಾವ ಊರವಳು?"

ವಠಾರದ ಮೆಟ್ಟಿಲಿನ ಬಲ್ಬು ಯಾರು ಹಾಕಿಸಬೇಕು ಎಂದು ನೆರೆಹೊರೆಯವರು ಜಗಳವಾಡುವಂಥ ಚಿತ್ರವಾದರೆ ಅವರ ಮುಖ ಅರಳುತ್ತಿತ್ತು. ಅಂಥವು ಸಿಗುವುದು ಅಪರೂಪ. "ನಮ್ಮ ಸಿನಿಮಾದಲ್ಲಿ ಗಂಡಸರಿಗೆ ಎರಡೇ ಕೆಲಸ. ಸಾಯೋದು, ಇಲ್ಲಾ ಕುಡಿದು ಹಳೇದನ್ನ ನೆನೆಯೋದು. ಕರೆಂಟ್ ಬಿಲ್ ಕಟ್ಟೋಕೆ ಹೋಗೋ ಗಂಡಸು ಒಬ್ಬನೂ ಸಿಗಲ್ಲ" ಎನ್ನುತ್ತಿದ್ದರು.

ಅವರ ಗಂಡ ರಾಸಿಮ್ ಬಟ್ಟೆ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಟಿವಿಯಲ್ಲಿ ಚೆಂಡಾಟ ಇದ್ದ ದಿನ ಇಡೀ ವಠಾರಕ್ಕೆ ಚಿತ್ರ ಕಾಣಿಸುವ ಹೊಣೆ ಅವನದು. ಅವನು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವುದು, ಕಿಟಕಿಗಳಿಂದ ಹೆಂಗಸರು "ಬಂತು! ಹೋಯ್ತು! ಹಿಂದಕ್ಕೆ!" ಎಂದು ಕೂಗುವುದು. ಈ ಕತೆ ಹೇಳುವಾಗ ಆಂಟಿ ಎರಡೂ ಕೈಯೆತ್ತಿ, ಇಲ್ಲದ ಕಂಬವನ್ನು ಹಿಡಿದು ತಿರುಗಿಸುತ್ತ ನಗುತ್ತಿದ್ದರು.

"ನಮ್ಮೂರಾಗ ಆ ಡ್ಯೂಟಿ ನಂದರೀ ಆಂಟಿ" ಎಂದ ಧನಂಜಯ. ಅವನು ಗದಗಿನ ಕಡೆಯವನು. ಆಮೇಲೆ ನನ್ನ ಕಡೆ ತಿರುಗಿ, "ಪಿಕ್ಚರ್ ಬಂತಂದ್ರ 'ಅಲ್ಲೇ ನಿಂದರು, ಅಲ್ಲಾಡಬ್ಯಾಡ' ಅಂತಿದ್ರು. ಪಿಕ್ಚರ್ ಮುಗಿಯೂತನಾ ಬಿಸಲಾಗ ಗೊಂಬಿ ಹಂಗ ನಿಂತೇನಿ. ಹೀರೋ ಯಾರಂತ ಇವತ್ತಿಗೂ ಗೊತ್ತಿಲ್ಲ" ಎಂದ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಂಟಿ ಕಣ್ಣೀರು ಬರುವಷ್ಟು ನಕ್ಕರು.

ರಾಸಿಮ್‌ನನ್ನು ಯುದ್ಧದ ಮೊದಲ ಬೇಸಿಗೆಯಲ್ಲಿ ಹಿಡಿದುಕೊಂಡು ಹೋದರು. ತಿರುಗಿ ಬರಲಿಲ್ಲ. ಆಂಟಿ ಇದಕ್ಕಿಂತ ಹೆಚ್ಚು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಮಗ ದಾಮಿರ್ ಆಗ ಹಾಲು ಕುಡಿಯುವ ಕೂಸು. ಇಲ್ಲೇ ಬೆಳೆದವನಾದ್ದರಿಂದ ತಾಯಿ ಮಗನ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಮೂವತ್ತು ದಾಟಿದ ಮೇಲೆ ವಿಮಾ ಕಚೇರಿಯ ಕೆಲಸ ಬಿಟ್ಟು ಆಕ್ಲೆಂಡಿನಲ್ಲಿ ಸಿನಿಮಾ ಕಲಿಯಲು ಸೇರಿಕೊಂಡ. ಕೊನೆಯ ವರ್ಷ ಅಪ್ಪನ ಬಗ್ಗೆ ಒಂದು ಕಿರುಚಿತ್ರ ತೆಗೆಯುವುದಾಗಿ ಹೇಳಿದ. ಆಂಟಿಯ ಷರತ್ತು ಒಂದೇ. ಅದರಲ್ಲಿ ಯುದ್ಧ ಇರಕೂಡದು. "ನಿಮ್ಮಪ್ಪ ಮನೆಯಲ್ಲಿ ಹೇಗಿದ್ದ ಅನ್ನೋದನ್ನ ನೋಡಿದವಳು ನಾನೊಬ್ಬಳೇ ಉಳಿದಿರೋದು. ಅದನ್ನ ತೆಗಿ" ಎಂದರು. ದಾಮಿರ್ ಒಪ್ಪಿದ. ಆಂಟೆನಾ ದೃಶ್ಯವನ್ನೇ ಆರಿಸಿಕೊಂಡ.

ಶೂಟಿಂಗ್ ನಮ್ಮ ಮನೆಯಲ್ಲೇ ನಡೆಯಿತು. ಧನಂಜಯನ ಕೈಗೆ ದೀಪದ ಕಂಬ ಕೊಟ್ಟು ನಿಲ್ಲಿಸಿದರು.

"ಮತ್ತ ಗೊಂಬಿನ ಆತಲೋ ನನ್ನ ಬಾಳೆ" ಎಂದು ಗೊಣಗಿದ.

"ಸುಮ್ಮನಿರಪ್ಪ ಹೀರೋ, ಅಲ್ಲಾಡಬೇಡ" ಎಂದೆ.

ನೆಲದ ತುಂಬ ಕೇಬಲ್ ಇದ್ದುದರಿಂದ ಎಲ್ಲರೂ ಶೂ ಹಾಕಿಕೊಂಡಿರಬೇಕೆಂದು ಕಾಲೇಜಿನ ನಿಯಮ. ಆಂಟಿ ಕಾರ್ಪೆಟ್ ನೋಡಿ ತುಟಿ ಕಚ್ಚಿ ಸಹಿಸಿಕೊಂಡರು. ಆದರೆ ರಾಸಿಮ್ ಪಾತ್ರದ ನಟ ಮಾಳಿಗೆಯಿಂದ ಇಳಿದು ಬಂದವನು ಶೂ ಸಮೇತ ಒಳಗೆ ಬಂದು ಊಟದ ಮೇಜಿಗೆ ಕೂತಾಗ, ಕ್ಯಾಮೆರಾ ಓಡುತ್ತಿರುವಂತೆಯೇ ಅಡ್ಡ ನಿಂತರು.

"ಇವನು ಶೂ ಬಿಚ್ಚಬೇಕು."

"ಅಮ್ಮಾ, ಸೇಫ್ಟಿ ರೂಲ್ ಇದೆ. ಕಾಲು ಕಾಣೋದೇ ಒಂದು ಕ್ಷಣ. ಯಾರೂ ನೋಡಲ್ಲ."

"ನಾನು ನೋಡ್ತೀನಿ."

"ಪ್ಲೀಸ್ ಅಮ್ಮಾ. ಬೆಳಕು ಹೋಗ್ತಾ ಇದೆ."

"ನಮ್ಮನೆ ಒಳಗೆ ಶೂ ಹಾಕ್ಕೊಂಡು ಬಂದವರು ನಿಮ್ಮಪ್ಪನ್ನ ಹಿಡ್ಕೊಂಡು ಹೋಗೋಕೆ ಬಂದವರು ಮಾತ್ರ" ಎಂದರು ಆಂಟಿ. "ನಾನು ಆವತ್ತು ಬೆಳಗ್ಗೆ ಕಾರ್ಪೆಟ್ ಒಗೆದು ಹಾಸಿದ್ದೆ. ಸಂಜೆ ಮಳೆ ಬಂತು, ಅವರ ಬೂಟಿನ ತುಂಬ ಕೆಸರು. ನಿಮ್ಮಪ್ಪ ಬಾಗಿಲಲ್ಲಿ ಬಗ್ಗಿ ತನ್ನ ಶೂ ಹಾಕ್ಕೊಳ್ಳೋಕೆ ಹೋದ. ಬೇಕಾಗಲ್ಲ ಅಂದ್ರು. ಕಾಲುಚೀಲದಲ್ಲೇ ಕರ್ಕೊಂಡು ಹೋದ್ರು. ಇವನು ಶೂ ಹಾಕ್ಕೊಂಡು ಆ ಮೇಜಿಗೆ ಕೂತ್ರೆ ಅವರಲ್ಲಿ ಒಬ್ಬನ ಹಾಗೆ ಕಾಣ್ತಾನೆ. ಬಿಚ್ಚಿಸು."

ದಾಮಿರ್ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದ.

"ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ನೀನು ಅವನನ್ನ ಹಾಗೆ ನೋಡಬಾರದು ಅಂತ."

ನಟ ಶೂ ಬಿಚ್ಚಿದ. ದೃಶ್ಯ ಆಂಟಿ ಬಯಸಿದಂತೆಯೇ ಬಂತು. ಆ ಸಂಜೆ ಅವರು ಎಲ್ಲರಿಗೂ ಮಾಂಸ ತುಂಬಿದ ಪೀತಾ ಎಂಬ ತಮ್ಮೂರಿನ ಸುರುಳಿ ರೊಟ್ಟಿ ಮಾಡಿ ಬಡಿಸಿದರು. ನನಗೆ ಆಲೂಗಡ್ಡೆಯದು ಬೇರೆ ಇತ್ತು. ಅವರು ಅಷ್ಟು ಹಗುರವಾಗಿ ಓಡಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಮುಂದಿನ ವಾರ ದಾಮಿರ್ ಮತ್ತೆ ಬಂದ. ಈ ಸಲ ಕಾರಿನ ಡಿಕ್ಕಿಯಲ್ಲಿ ಮಿಲಿಟರಿ ಬೂಟುಗಳಿದ್ದವು, ಬಕೆಟ್ ತುಂಬ ಕೆಸರಿತ್ತು.

"ಅದನ್ನ ನಿನಗೆ ಹೇಳಿದ್ದು. ಕ್ಯಾಮೆರಾಗಲ್ಲ" ಎಂದರು ಆಂಟಿ.

"ಆಂಟೆನಾ ತಿರುಗಿಸಿದ ಅಪ್ಪ ನಿನಗೆ ಗೊತ್ತು, ನನಗೆ ಗೊತ್ತಿಲ್ಲಮ್ಮ" ಎಂದ ದಾಮಿರ್. "ಕಾಲುಚೀಲದಲ್ಲಿ ಹೋದವನು ಮಾತ್ರ ನನ್ನ ಪಾಲಿಗೆ ಬಂದಿರೋದು. ಅವನನ್ನೂ ಕೊಡಲ್ವಾ?"

ಆಂಟಿ ಕಾರ್ಪೆಟ್ ಸುತ್ತಿಡಲು ಹೋದರು.

"ಬೇಡಮ್ಮಾ, ಅದು ಬೇಕು" ಎಂದ ಮಗ.

ಅವರು ಕೈ ಬಿಟ್ಟು ಒಳಗೆ ಹೋದರು.

ಆ ಚಳಿಗಾಲದಲ್ಲಿ ಚಿತ್ರ ಹ್ಯಾಮಿಲ್ಟನ್ನಿನ ಒಂದು ಸಭಾಂಗಣದಲ್ಲಿ ಪ್ರದರ್ಶನವಾಯಿತು. ಬೂಟುಗಳು, ಕಾರ್ಪೆಟ್, ಕಾಲುಚೀಲ, ಬಾಗಿಲು. ರಾಸಿಮ್‌ನ ಮುಖವೇ ಇರಲಿಲ್ಲ. ಆಂಟೆನಾ ದೃಶ್ಯವೂ ಇರಲಿಲ್ಲ. ಉದ್ದವಾಯಿತೆಂದು ಮೇಷ್ಟ್ರು ಕತ್ತರಿಸಲು ಹೇಳಿದ್ದರಂತೆ. ಚಿತ್ರ ಚೆನ್ನಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ತಾಯಿ ಮಗ ಇಬ್ಬರನ್ನೂ ವೇದಿಕೆಗೆ ಕರೆದರು. ನೀವೂ ಏನಾದರೂ ಹೇಳಬೇಕು ಎಂದು ಒಬ್ಬ ಹೆಂಗಸು ಆಂಟಿಯನ್ನು ಕೇಳಿದಳು. ಆಂಟಿ ಇಂಗ್ಲಿಷಿನಲ್ಲಿ ಶುರು ಮಾಡಿ, ತಡವರಿಸಿ, ತಮ್ಮ ಭಾಷೆಗೆ ಹೊರಳಿದರು. ಆ ಭಾಷೆ ನಮಗೆ ಬಾರದು. ಆದರೆ ಅವರ ಎರಡೂ ಕೈ ಮೇಲೆ ಹೋದವು, ಗಾಳಿಯಲ್ಲಿ ಕಂಬ ಹಿಡಿದು ತಿರುಗಿಸಿದವು. ಅವರು ನಗುತ್ತಿದ್ದರು. ಜನ ಅದನ್ನು ದುಃಖದ ನಗು ಎಂದುಕೊಂಡು ತಲೆ ತಗ್ಗಿಸಿ ಕೇಳಿದರು.

ದಾಮಿರ್ ಮೈಕ್ ತೆಗೆದುಕೊಂಡ. "ಆ ದಿನವನ್ನು ಎಂದಿಗೂ ಮರೆಯಲು ಆಗುವುದಿಲ್ಲ ಎನ್ನುತ್ತಿದ್ದಾರೆ ಅಮ್ಮ" ಎಂದು ಇಂಗ್ಲಿಷಿನಲ್ಲಿ ಹೇಳಿದ.

ಆಂಟಿಗೆ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ. ಮಗನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿ, ಹೌದೆಂದು ತಲೆಯಾಡಿಸಿದರು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದ ಧನಂಜಯನಿಗೆ ತಡೆಯಲಾಗಲಿಲ್ಲ. "ಆಂಟಿ, ಅದು ಆಂಟೆನಾ ಕತಿ ಅಲ್ಲೇನ್ರಿ?" ಎಂದು ಕನ್ನಡದಲ್ಲೇ ಕೇಳಿಬಿಟ್ಟ. ಆಂಟೆನಾ ಎಂಬ ಮಾತು ಅವರಿಗೆ ತಿಳಿಯಿತು.

"ಹೂಂ."

"ಮತ್ತೆ ಯಾಕೆ ಹೌದು ಅಂದಿರಿ?" ಎಂದು ನಾನು ಕೇಳಿದೆ.

"ಅಷ್ಟು ಜನರ ಮುಂದೆ ನನ್ನ ಮಗ ಸುಳ್ಳ ಅನ್ನಲಾ?"

ಚಿತ್ರಕ್ಕೆ ಬೇರೆ ಊರುಗಳಿಂದಲೂ ಕರೆ ಬಂತು. ತಾಯಿಯೂ ಬರಬೇಕೆಂದು ಎಲ್ಲರೂ ಕೇಳುತ್ತಿದ್ದರು. ಆಂಟಿ ರಜೆ ಹಾಕಿ ಹೋದರು. ಅವರು ಕ್ರೈಸ್ಟ್‌ಚರ್ಚ್‌ಗೆ ಹೋದಾಗ, ಅಲ್ಲಿನ ರಿಕ್ಕರ್ಟನ್ನಿನಲ್ಲಿದ್ದ ಸ್ನೇಹಿತೆ ತನುಶ್ರೀಗೆ ನಾನು ತಿಳಿಸಿದ್ದೆ. ಅವಳು ನೋಡಲು ಹೋಗಿದ್ದಳು.

"ಆಂಟಿ ಏನಾದ್ರೂ ಮಾತಾಡಿದ್ರಾ?" ಎಂದು ಫೋನಿನಲ್ಲಿ ಕೇಳಿದೆ.

"ಒಂದೇ ಲೈನು. 'ಆ ದಿನ ಮರೆಯೋಕೆ ಆಗಲ್ಲ' ಅಂದ್ರು. ತುಂಬಾ ಟಚಿಂಗ್ ಆಗಿತ್ತು ಕಣೋ."

"ಯಾವ ಭಾಷೆಯಲ್ಲಿ?"

"ಇಂಗ್ಲಿಷಲ್ಲೇ. ಯಾಕೆ?"