ಕದಿರಮ್ಮನ ಮಗ್ಗದ ಗುಂಡಿ

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯಲ್ಲಿ ಕದಿರಮ್ಮ ನನ್ನ ಓರಗೆಯವಳು, ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ, ಗಂಡಸರು ಕೂರುವ ಗುಂಡಿಗೆ ಹೆಂಗಸು ಇಳಿಯುವುದೇ ಎಂದು ಬೀದಿಯೆಲ್ಲ ಮೂಗು ಮುರಿದರೂ ಕೇಳದೆ, ತಾನೇ ಮಗ್ಗಕ್ಕೆ ಕೂತು ಸೀರೆ ನೇಯ್ದು ಮಗಳು ಪಾಪಕ್ಕನನ್ನು ಸಾಕಿದಳು. ಅವಳಿದ್ದ ಬಾಡಿಗೆ ಮನೆ ಆದಿನಾರಾಯಣಪ್ಪನದು. ನೆಲ ಅಗೆದು ಮಾಡಿದ ಗುಂಡಿ ಮಾತ್ರ ಅವಳದು. ಅದರೊಳಗೆ ಕಾಲು ಇಳಿಬಿಟ್ಟು ಕೂತರೇನೇ ಮಗ್ಗ ತುಳಿಯಲಾಗುವುದು.

ಆಗ ಎರಡನೇ ಮಹಾಯುದ್ಧದ ಕಾಲ. ಬಾಂಬ್ ಬೀಳುತ್ತದೆಂದು ಹೆದರಿ ಬೆಂಗಳೂರಿನ ಜನ ನಮ್ಮೂರಿಗೆ ಬರತೊಡಗಿದ್ದರು. ಎಷ್ಟು ಬಾಡಿಗೆ ಕೇಳಿದರೂ ಕೊಡುತ್ತಿದ್ದರು. ಆದಿನಾರಾಯಣಪ್ಪನ ಬಾಯಲ್ಲಿ ನೀರೂರಿತು. ಆದರೆ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಅಪ್ಪಣೆಯಿಲ್ಲದೆ ಬಾಡಿಗೆಯವರನ್ನು ಬಿಡಿಸುವಂತಿಲ್ಲ ಎಂದು ಸರ್ಕಾರದ ಹುಕುಂ ಆಗಿತ್ತು. ಆ ಪುಣ್ಯಾತ್ಮ ಅದಕ್ಕೂ ದಾರಿ ಹುಡುಕಿದ.

ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಬಿಡುವವರು ಮಗ್ಗ ಬಿಚ್ಚಿ, ಗುಂಡಿಯನ್ನು ತಾವೇ ಮುಚ್ಚಿ, ಮೇಲೊಂದು ದೀಪ ಹಚ್ಚಿಟ್ಟು ಹೋಗುತ್ತಿದ್ದರು. ದೀಪ ಇಟ್ಟರೆ ಮನೆ ಬಿಟ್ಟ ಹಾಗೆ. ಬಾಯ್ದೆರೆದ ಗುಂಡಿಯ ಮನೆಯಲ್ಲಿ ಧಾರೆ ಎರೆಯಬಾರದು, ಬರೀ ಹಲಗೆ ಹಾಕಿದರೂ ಆಗದು, ಮಣ್ಣೇ ತುಂಬಬೇಕು ಎನ್ನುವುದೂ ನಮ್ಮವರ ನಂಬಿಕೆ.

ಒಂದು ದಿನ ಆದಿನಾರಾಯಣಪ್ಪ ಅರಿಶಿನ ಕುಂಕುಮ ಹಿಡಿದು ಬಂದ. "ಮಗಳ ಮದ್ವೆ ಕಣಮ್ಮ. ನಿನ್ ಪಡಸಾಲೆನೇ ದೊಡ್ಡದು. ನಾಕು ದಿನ ಗುಂಡಿ ಮುಚ್ಕೊಡು, ಆಮೇಲೆ ನಾನೇ ಅಗೆಸ್ಕೊಡ್ತೀನಿ."

"ಅದಕ್ಕೇನಣ್ಣ, ಹೆಣ್ಣುಮಗು ಮದ್ವೆ" ಎಂದಳು ಈ ಹುಚ್ಚಿ. ಬೀದಿಯವರೆಲ್ಲ ನೋಡುತ್ತಿರುವಾಗ ಮಣ್ಣು ಹೊತ್ತು ಗುಂಡಿ ತುಂಬಿದಳು. ಶುಭಕಾರ್ಯದ ಜಾಗ ಕತ್ತಲಿರಬಾರದು ಎಂದು ಅವನು ಹೇಳಿದ್ದಕ್ಕೆ ದೀಪವನ್ನೂ ಹಚ್ಚಿದಳು. ಬಿಚ್ಚಿದ ಮಗ್ಗವನ್ನು ನಮ್ಮ ದನದ ಕೊಟ್ಟಿಗೆಯಲ್ಲಿಟ್ಟು, ಮಗಳೊಂದಿಗೆ ನಮ್ಮಲ್ಲೇ ಮಲಗಿದಳು. ಮದುವೆ ಮುಗಿಯಿತು. ಮರುದಿನ ಬಾಗಿಲಿಗೆ ಅವನ ಬೀಗ.

ಅವಳ ಗೋಳು ಕೇಳಿ ಅಮಲ್ದಾರರು ಖುದ್ದಾಗಿ ಬಂದು ಆ ಮನೆಯ ಬಾಗಿಲು ತೆಗೆಸಿದರು. "ಗುಂಡಿ ಮುಚ್ಚಿದ್ದು ಯಾರಮ್ಮ?"

"ನಾನೇ ಸ್ವಾಮಿ."

"ದೀಪ?"

"ನಾನೇ."

"ಮನೇಲಿರೋರನ್ನ ಕಾಪಾಡೋಕೆ ಹುಕುಂ ಇದೆ. ತಾವಾಗೇ ಬಿಟ್ಟೋರಿಗೆ ಇಲ್ಲ. ನಾಲ್ಕು ದಿನಕ್ಕೆ ಅಂತ ಅವನಿಂದ ಬರೆಸ್ಕೊಳ್ಳಬಾರದಿತ್ತಾ?"

"ಮದ್ವೆಗೆ ಕರೆಯೋಕೆ ಬಂದೋರ ಹತ್ರ ಬರ್ಕೊಡಿ ಅಂತ ಕೇಳೋದಾ ಸ್ವಾಮಿ?"

ಅವರು ತಲೆ ತಗ್ಗಿಸಿ, ಅವನ ಮಾತು ಕೇಳಿದವರು ಯಾರಾದರೂ ಇದ್ದೀರಾ ಎಂದರು. ಕೇಳಿಸಿಕೊಂಡಿದ್ದ ಗಂಡಸರೆಲ್ಲ ಅವನದೇ ಬಾಡಿಗೆ ಮನೆಗಳಲ್ಲಿದ್ದರು. ಒಬ್ಬನಾದರೂ ತುಟಿ ಬಿಚ್ಚಲಿಲ್ಲ, ಮೀಸೆ ಹೊತ್ತ ಹೇಡಿಗಳು! ನಾನು ಕೇಳಿದ್ದೇನೆ ಎಂದು ನಾನೊಬ್ಬಳೇ ಕೂಗಿದೆ. ಗೆಳತಿಯ ಮಾತನ್ನು ಸಾಕ್ಷಿಯೆಂದು ಹಿಡಿಯಲಾಗದು ಎಂದುಬಿಟ್ಟರು ಅಮಲ್ದಾರರು.

ಕದಿರಮ್ಮ ಒಳಗೆ ನುಗ್ಗಿ ಆ ನೆಲವನ್ನು ಉಗುರಿನಿಂದ ಕೆರೆಯತೊಡಗಿದಳು. ಬೆರಳಲ್ಲಿ ರಕ್ತ ಬಂತು. ಪಾಪಕ್ಕ ಅಳುತ್ತಾ ಸೆರಗು ಎಳೆಯುತ್ತಿದ್ದಳು.

ಆಮೇಲೆ ಕೆರೆ ಏರಿಯ ಕೆಳಗೆ, ಸೋರುವ ಗುಡಿಸಲೊಂದನ್ನು ಬಾಡಿಗೆಗೆ ಹಿಡಿದು ಹೊಸ ಗುಂಡಿ ಅಗೆದಳು. ಮಳೆಗಾಲದಲ್ಲಿ ಅದರಲ್ಲಿ ನೀರು ಉಕ್ಕುತ್ತಿತ್ತು. ಮೊಣಕಾಲವರೆಗಿನ ನೀರಿನಲ್ಲೇ ಕಾಲಿಟ್ಟು ನೇಯುತ್ತಿದ್ದಳು. ಊರಿಗೂ ಅವಳು ಬರುವುದು ನಿಂತಿತು.

ಯುದ್ಧ ಮುಗಿಯಿತು, ಸ್ವಾತಂತ್ರ್ಯವೂ ಬಂತು. ಪಾಪಕ್ಕನಿಗೆ ಗಂಡು ಗೊತ್ತಾಯಿತು. ಬೀಗರು ಒಳ್ಳೆಯವರೇ. "ಧಾರೆ ಮುಗಿಯೋವರೆಗೆ ಗುಂಡಿ ಮುಚ್ಚಿಸಿ" ಎಂದರು, ಅಷ್ಟೇ. ಕದಿರಮ್ಮ ಗುಂಡಿಗಿಳಿದು ಕೂತುಬಿಟ್ಟಳು. ಯಾರು ಬೇಡಿಕೊಂಡರೂ ಮೇಲೇಳಲಿಲ್ಲ. ಕೊನೆಗೆ ನಮ್ಮ ಅಂಗಳದಲ್ಲೇ ಚಪ್ಪರ ಹಾಕಿ, ತಾಯಿಯ ಜಾಗದಲ್ಲಿ ನಾನೇ ನಿಂತು ಧಾರೆ ಎರೆದೆ.

ಗಂಡನ ಮನೆಗೆ ಹೊರಡುವ ಮುಂಚೆ ಪಾಪಕ್ಕ ಗುಡಿಸಲಿಗೆ ಓಡಿದಳು. ನಮಸ್ಕಾರ ಮಾಡಲು ಬಗ್ಗಿದಳು. ಅಮ್ಮನ ಕಾಲುಗಳು ಗುಂಡಿಯೊಳಗಿದ್ದವು, ಕೈಗೆ ಎಟುಕಲಿಲ್ಲ.

"ಒಂದ್ ಗಳಿಗೆ ಈಚೆಗೆ ಬಾಮ್ಮಾ."

ಕದಿರಮ್ಮ ಮಗಳ ಕೆನ್ನೆ ಸವರಿದಳು. "ಬಂದ್ರೆ ಮುಚ್ಬಿಡ್ತಾರೆ ಕಣೆ" ಎಂದಳು.