ಅಕ್ಕನ ಪಿಟೀಲಿನ ಫೋಲ್ಡರು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಟೈಪಿಸ್ಟ್ ಎಂದೇ ಕರೆಯುತ್ತಿದ್ದರು. ಸಂಗೀತದವರು ಬೆರಳಾಡಿಸುವುದು ವಾದ್ಯದ ಮೇಲಾದರೆ ಇವನದು ಕಪ್ಪು ಪರದೆಯ ಮುಂದಿನ ಕೀಬೋರ್ಡಿನ ಮೇಲೆ. ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿದ ಸ್ವರಗಳನ್ನು ನುಂಗಿಕೊಂಡು, ಕೇಳಿದಾಗ ಕೇಳಿದ್ದನ್ನು ಕಕ್ಕುವ ಸ್ಯಾಂಪ್ಲರ್ ಎಂಬ ಸಾಫ್ಟ್‌ವೇರನ್ನು ಅವನು ಮೌಸ್ ಮುಟ್ಟದೆ ಬರೀ ಟೈಪ್ ಮಾಡಿದ ಆಜ್ಞೆಗಳ ಸಾಲುಗಳಿಂದ, ಅಂದರೆ ಸ್ಕ್ರಿಪ್ಟುಗಳಿಂದ, ಕುಣಿಸುತ್ತಿದ್ದ.

ಅದರೊಳಗಿನ ಪಿಟೀಲು ಅವನ ಅಕ್ಕನದು. ಕೀಲುನೋವಿಗೆ ಬೆರಳು ಸೆಟೆದುಕೊಳ್ಳುವ ಮುಂಚೆ, ಮೂರು ತಿಂಗಳು ಕೂತು ಒಂದೊಂದೇ ಸ್ವರ ನುಡಿಸಿಕೊಟ್ಟಿದ್ದಳು. ಪ್ರತಿ ಸ್ವರಕ್ಕೂ ಮೊದಲು ಮೂಗಿನಲ್ಲಿ ಸಣ್ಣಗೆ ಉಸಿರೆಳೆಯುವುದು ಅವಳ ಅಭ್ಯಾಸ. ಈಗ ಅವಳಿಗೆ ಚಮಚ ಹಿಡಿಯುವುದೂ ಕಷ್ಟ. ಅವಳ ವಾದನ ಉಳಿದಿದ್ದದ್ದು ಆ ಒಂದು ಫೋಲ್ಡರಿನಲ್ಲಿ ಮಾತ್ರ.

ಸ್ಟುಡಿಯೋ ಮಾಲೀಕನಿಗೆ ಆ ಉಸಿರು ಕೇಳಿದರೆ ಮೈಯೆಲ್ಲ ಉರಿ.

"ಏನಯ್ಯಾ ಇದು, ನೆಗಡಿ ಬಂದೋರು ನುಡಿಸಿದ ಹಾಗಿದೆ! ಕಕ್ಕಸು ತೊಳೆಯೋ ಫಿನಾಯಿಲ್ ಜಾಹೀರಾತು, ಕ್ಲೀನಾಗಿರ್ಬೇಕು. ಕತ್ತರಿಸಿ ಬಿಸಾಕು," ಎಂದ. ಬಾಯಲ್ಲಿದ್ದ ಬಿಸ್ಕತ್ತಿನ ಪುಡಿ ಎಂಜಲಿನ ಸಮೇತ ಕೀಬೋರ್ಡಿನ ಮೇಲೆ ಉದುರಿತು.

ಟೈಪಿಸ್ಟನಿಗೆ ಅಸಹ್ಯವಾಯಿತು. ಬಾಯಿಂದ ಬಂದದ್ದು ಮಾತ್ರ, "ಆಯ್ತು ಸಾರ್." ಇಪ್ಪತ್ತು ವರ್ಷದಿಂದ ಅದೇ ಬರುತ್ತಿತ್ತು.

ಮೊದಲು ನಕಲು ತೆಗೆದು, ನಕಲಿನ ಮೇಲೆ ಸ್ಕ್ರಿಪ್ಟ್ ಓಡಿಸಬೇಕಿತ್ತು. ಆ ಎಂಜಲು ಒರೆಸಿ ಎದ್ದು ಹೋದರೆ ಸಾಕೆಂಬ ಅವಸರದಲ್ಲಿ ಅವನು ಮೂಲ ಫೋಲ್ಡರಿನ ಮೇಲೆಯೇ ಓಡಿಸಿಬಿಟ್ಟ. ಪ್ರತಿ ಸ್ವರದ ತಲೆ ಉಸಿರಿನ ಸಮೇತ ಹಾರಿತು. ಕಪ್ಪು ಪರದೆ 'ಖಂಡಿತವಾ?' ಎಂದು ಯಾರನ್ನೂ ಕೇಳುವುದಿಲ್ಲ. ಬ್ಯಾಕಪ್ ಡಿಸ್ಕ್ ಇದೆಯಲ್ಲ ಎಂದು ತೆರೆದು ನೋಡಿದರೆ ಅಲ್ಲಿಯೂ ಉಸಿರಿಲ್ಲ. ಪ್ರತಿ ಕೆಲಸ ಮುಗಿದ ಕೂಡಲೇ ಬ್ಯಾಕಪ್ಪಿನ ಹಳೆಯದನ್ನು ಅಳಿಸಿ ಹೊಸದನ್ನು ಇಡು ಎಂಬ ಸಾಲನ್ನು, ಜಾಗ್ರತೆಗೆಂದು, ಅವನೇ ಹಿಂದೆ ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮಾಲೀಕನ ಮೇಲಿದ್ದ ಅಸಹ್ಯವೆಲ್ಲ ತಿರುಗಿ ತನ್ನ ಮೇಲೆಯೇ ಬಂತು. ಎರಡು ಸಲ ಸೋಪು ಹಾಕಿ ಕೈ ತೊಳೆದರೂ ಆ ಬೆರಳುಗಳನ್ನು ನೋಡಲು ಅವನಿಗೆ ಹೇಸಿಗೆಯಾಯಿತು.

ಭಾನುವಾರ ಅಕ್ಕ ಸ್ಟುಡಿಯೋಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಎಂದಿನಂತೆ, "ಪಿಟೀಲು ಹಾಕೋ, ಕೇಳೋಣ," ಎಂದಳು.

ಅವನು ಒಂದು ಸಾಲು ಟೈಪ್ ಮಾಡಿದ; ಅದೇ ಫೋಲ್ಡರಿನ ಪಿಟೀಲು ಉಸಿರಿಲ್ಲದೆ ನುಡಿಯಿತು. ಅಕ್ಕ ಸೆಟೆದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಚೆನ್ನಾಗ್ ನುಡಿಸ್ತಾರೆ ಕಣೋ. ಯಾರಿವರು?"

"ಯಾರೋ ಹೊಸಬರು, ಅಕ್ಕ."

"ಓಹೋ," ಎಂದು ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಸರಿ, ಈಗ ನಂದು ಹಾಕು."