ಡಲ್ಸಿ ಮುಚ್ಚಿಟ್ಟ ಫೋಟೋಗಳು

ಆಸ್ಟ್ರೇಲಿಯದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್‌ನಿಂದ ಮಣ್ಣುರಸ್ತೆಯಲ್ಲಿ ನಾಲ್ಕು ಗಂಟೆ ದೂರದ ನಮ್ಮೂರ ಕಲಾಕೇಂದ್ರದಲ್ಲಿ ಫೋಟೋಗಳ ಉಸ್ತುವಾರಿ ಡಲ್ಸಿಯದು. ಫುಟ್‌ಬಾಲ್ ಪಂದ್ಯವಿರಲಿ, ಚಿತ್ರ ಬರೆಯುವ ಮುದುಕಿಯರಿರಲಿ, ಯಾರೇ ಫೋಟೋ ತೆಗೆದರೂ ಕ್ಯಾಮೆರಾದ ಕಾರ್ಡು ಸಂಜೆಯೊಳಗೆ ಅವಳ ಮೇಜಿಗೆ ಬರಬೇಕು. ಮೊದಲು ಎರಡು ಡಿಸ್ಕಿಗೆ ನಕಲು, ಆಮೇಲೆ ಆಯ್ಕೆ. ಬೆಳಕು, ಬಣ್ಣ ತಿದ್ದುವುದೆಲ್ಲ ನಕಲಿನ ಮೇಲೆ. ಮೂಲಕ್ಕೆ ಯಾರಾದರೂ ಕೈ ಹಚ್ಚಿದರೆ ಅವಳು ಸಾಕ್ಷಾತ್ ದೂರ್ವಾಸ ಮುನಿ.

ಫೈಲುಗಳಿಗೆ ಅವಳು ಇಡುತ್ತಿದ್ದುದು ತಾರೀಖು ಮತ್ತು ಅಂಕಿ ಮಾತ್ರ. ನನಗೆ ಅದು ಶುದ್ಧ ಮೊಂಡಾಟವೆನಿಸಿತ್ತು. ಅವಳು ತಂಗಿಯ ಮನೆಗೆ ಹೋದ ವಾರ, ಹುಡುಕಲು ಸುಲಭವಾಗಲಿ ಎಂದು ಎಲ್ಲ ಫೈಲಿಗೂ ಜನರ ಹೆಸರಿಟ್ಟೆ. ಮಹಾ ಜಾಣೆ ನಾನು! ಇಲ್ಲಿನ ಮೂಲನಿವಾಸಿಗಳ ಪದ್ಧತಿಯಲ್ಲಿ ಸತ್ತವರ ಹೆಸರನ್ನು ಹೇಳಬಾರದು, ಮುಖ ತೋರಿಸಬಾರದು, ಮನೆಯವರು ಸಾಕೆನ್ನುವವರೆಗೆ. ಹೊರಗಿನಿಂದ ಬಂದು ಹದಿನಾರು ವರ್ಷ ಇಲ್ಲೇ ಉಂಡು ಮಲಗಿದ ನನಗೆ ಇದು ಗೊತ್ತಿತ್ತು. ಬದುಕಿರುವವರೂ ಒಂದು ದಿನ ಸಾಯುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ.

ಡಲ್ಸಿ ವಾಪಸಾದ ಸೋಮವಾರ ಬೆಳಿಗ್ಗೆಯೇ, ಕೇಂದ್ರದಲ್ಲಿ ಚಿತ್ರ ಬರೆಯುವ ಮೇವಿಸ್‌ಳ ಗಂಡ ತೀರಿಕೊಂಡ. ಫುಟ್‌ಬಾಲ್ ತಂಡವನ್ನು ಪಳಗಿಸಿದವನು, ಎಲ್ಲರಿಗೂ ಬೇಕಾದವನು. ಮಧ್ಯಾಹ್ನ ಮೂರಕ್ಕೆ ಮೇವಿಸ್ ತನ್ನವರ ಜೊತೆ ನಮ್ಮ ಅಂಗಳಕ್ಕೆ ಬಂದು ಶೋಕಕ್ಕೆ ಕೂರುವವಳಿದ್ದಳು. ಒಳಗೆ ಗೋಡೆಯ ಪರದೆಯ ಮೇಲೆ ಫೋಟೋಗಳು ಸರದಿಯಲ್ಲಿ ಓಡುತ್ತಿದ್ದವು, ಕೆಳಗೆ ನಾನಿಟ್ಟ ಹೆಸರುಗಳ ಸಮೇತ.

ಡಲ್ಸಿ ಓಡಿಹೋಗಿ ಪರದೆಯ ವೈರು ಕಿತ್ತಳು.

"ಅಕ್ಕಾ, ಅವ್ನ ಹೆಸ್ರು ಎಷ್ಟು ಫೋಟೋಗೆ ಇಟ್ಟಿದೀಯ?"

"ನಾನೂರ ಹನ್ನೆರಡು..." ಎಂದೆ. ನಾಚಿಕೆಯಿಂದ ಸತ್ತೇ ಹೋಗಿದ್ದೆ. "ಎಲ್ಲಾ ಅಳಿಸಿಬಿಡೋಣ ಡಲ್ಸಿ, ಒಂದೇ ನಿಮಿಷದ ಕೆಲ್ಸ."

"ಆಮೇಲೆ ಮೇವಿಸ್ ಕೇಳಿದ್ರೆ ಏನು ತೋರಿಸ್ತೀಯ, ನಿನ್ನ ಮೂತಿನಾ? ಹೋಗು, ಟೀ ಮಾಡು. ಕಂಪ್ಯೂಟರ್ ಕಡೆ ತಲೆ ಹಾಕ್ಬೇಡ."

ಹೆಸರು ತೆಗೆಯುವುದು ಬೇಗ ಮುಗಿಯಿತು. ಮುಖಗಳದ್ದೇ ಕಷ್ಟ. ಯಾರದೋ ಹುಟ್ಟುಹಬ್ಬದ ಫೋಟೋದ ಮೂಲೆಯಲ್ಲಿ ಅವನ ನಗು, ತಂಡದ ಫೋಟೋದ ನಟ್ಟನಡುವೆ ಅವನ ಹೊಟ್ಟೆ. ಡಲ್ಸಿ ಒಂದೊಂದನ್ನೂ ತೆರೆದು ನೋಡಿದಳು. ಮಕ್ಕಳಿಗೆ ಬೇಕಾಗುವ ತಂಡದ ಫೋಟೋದ ನಕಲು ಮಾಡಿ ಅವನ ಮುಖಕ್ಕೆ ಕಪ್ಪು ತುಂಬಿದಳು. ಮೂಲಗಳನ್ನೆಲ್ಲ ಬೀಗ ಹಾಕಿದ ಫೋಲ್ಡರಿಗೆ ಸೇರಿಸಿದಳು. ನಾನು ತಂದಿಟ್ಟ ಟೀ ಆರಿ ತಣ್ಣಗಾಗಿತ್ತು. ಅಂಗಳಕ್ಕೆ ಮೇವಿಸ್‌ಳ ಗಾಡಿ ಬರುವ ಹೊತ್ತಿಗೆ ಅವಳ ಕಣ್ಣಿಗೆ ಬೀಳಬಾರದ್ದು ಒಂದೂ ಉಳಿದಿರಲಿಲ್ಲ. ಡಲ್ಸಿಯಷ್ಟು ಅಚ್ಚುಕಟ್ಟಾಗಿ ದುಡಿಯುವವರನ್ನು ನಾನು ಕಂಡಿಲ್ಲ. ಅಂದಿನಿಂದ ಅವಳ ಮೊಂಡಾಟಕ್ಕೆಲ್ಲ ನಾನು ತಲೆಬಾಗುತ್ತೇನೆ.

ಎರಡು ಚಳಿಗಾಲ ಕಳೆದವು. ಒಂದು ಬೆಳಿಗ್ಗೆ ಮೇವಿಸ್, ಗಂಡ ಹೋದ ಮೇಲೆ ಹುಟ್ಟಿದ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ತೆಗಿ ಡಲ್ಸಿ. ಮುಚ್ಚಿಟ್ಟಿದ್ದು ಸಾಕು."

ಫೋಲ್ಡರ್ ತೆರೆಯಿತು. ತಾರೀಖಿನ ಪ್ರಕಾರ, ಒಂದೂ ತಪ್ಪದೆ, ಎಲ್ಲ ಇದ್ದವು. ಮೇವಿಸ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡತೊಡಗಿದಳು. ಹೊಟ್ಟೆಯ ಫೋಟೋ ಬಂದಾಗ, "ಅಯ್ಯೋ, ಈ ಹೊಟ್ಟೆ ಇಟ್ಕೊಂಡು ಹುಡುಗ್ರಿಗೆ ಓಡಿ ಓಡಿ ಅಂತ ಬಯ್ತಿದ್ದ!" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಮಗುವಿನ ಬೆರಳು ಹಿಡಿದು ಪರದೆಗೆ ಒತ್ತಿದಳು.

"ನೋಡೇ, ನಿನ್ ತಾತ. ಕ್ಲೆಮ್."

ಎರಡು ವರ್ಷದಿಂದ ಊರಲ್ಲಿ ಯಾರೂ ಆಡದ ಹೆಸರು. ನಾನು ಅತ್ತುಬಿಟ್ಟೆ. ಡಲ್ಸಿ ಕಣ್ಣೊರೆಸಿಕೊಂಡು ಮುಂದಿನದನ್ನು ತೆಗೆಯಹೊರಟಳು.

"ತಡಿ," ಎಂದಳು ಮೇವಿಸ್. "ಮೊದ್ಲಿಂದ ತೋರ್ಸು. ಈ ಸಲ ಒಂದೊಂದಕ್ಕೂ ಹೆಸ್ರು ಹೇಳ್ತೀನಿ."